ಎಡಗಾಲು ಬೇಡದ ಗಾಡಿ

ತಿರುವೊಟ್ಟಿಯೂರು, ಚೆನ್ನೈ
೧೬ ಜುಲೈ ೨೦೨೪

ಪ್ರೀತಿಯ ಮಗಳು ಪೂರ್ಣಿಮಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಹೇಗಿದ್ದೀಯಾ ಕಂದಾ? ಪುಣೆಯಲ್ಲಿ ಮಳೆ ಹಿಡಿದುಕೊಂಡಿದೆ ಎಂದು ಟಿವಿಯಲ್ಲಿ ತೋರಿಸಿದರು. ಸ್ಕೂಟರ್ ಮನೆಯಲ್ಲಿಟ್ಟು ಕಂಪನಿ ಬಸ್ಸಿನಲ್ಲೇ ಹೋಗು. ನಿನ್ನ ಕೆಮ್ಮು ಪೂರ್ತಿ ಹೋಯಿತೇ? ತೇಜು ಅನ್ನ ಉಣ್ಣುತ್ತಾನೋ, ಇನ್ನೂ ಬಿಸ್ಕತ್ತಿನ ಮೇಲೇ ಬದುಕಿದ್ದಾನೋ? ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನೂ ಇದ್ದಾರೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ, ಇದು ನಿಮ್ಮಪ್ಪನ ಅಪ್ಪಣೆ. “ಫೋನಿನ್ಯಾಗ ಹೇಳಿದ್ರ ಆಕಿ ಅರ್ಧಾ ಕೇಳಿ ‘ಸರಿ ಅಪ್ಪಾ’ ಅಂತ ಇಟ್ಟಬಿಡ್ತಾಳ. ಗೇರ್ ಮಾಡೋ ಫ್ಯಾಕ್ಟರ್ಯಾಗ ಇಂಜಿನಿಯರ್ ಅದಾಳ. ಎಲ್ಲಾ ಬರದು ಕಳಸು, ಓದಿ ಒಂದು ತೀರ್ಮಾನ ಹೇಳ್ಲಿ” ಎಂದು ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ನನ್ನ ಸಣ್ಣ ಅಕ್ಷರ ಅವರ ಕಣ್ಣಿಗೆ ಹತ್ತುವುದಿಲ್ಲ, ಬರೆದದ್ದನ್ನೆಲ್ಲ ಓದಿ ಹೇಳಬೇಕಂತೆ. ಅವರಿಗೆ ಬೇಡದ್ದನ್ನು ಓದುವಾಗ ಹಾರಿಸುತ್ತೇನೆ, ಅದು ನಿನಗೆ ಮಾತ್ರ. ಮೆಣಸಿನಕಾಯಿ ಚೀಲದ ಮೇಲಿನ ಅಕ್ಷರ ತೋರಿಸಿ ನಿನಗೆ ಕನ್ನಡ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು ನೋಡು.

ವಿಷಯ ಗಾಡಿಯದೇ. ಸಕ್ಕರೆ ಕಾಯಿಲೆಗೆ ನಿಮ್ಮಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದು ನಿನಗೆ ನೆನಪಿದೆ. ಕ್ಲಚ್ ತುಳಿಯಲಾಗದವನಿಗೆ ಗಾಡಿ ಎಲ್ಲಿಯದು, ಗಾಡಿ ಇಲ್ಲದವನಿಗೆ ವ್ಯಾಪಾರ ಎಲ್ಲಿಯದು ಎಂದು ಊಟವನ್ನೇ ಬಿಟ್ಟಿದ್ದರು. ಆಗ ನೀನು ಈ ಹಳೆಯ ಪಿಕಪ್ ಕೊಂಡು ತಂದು ಬಾಗಿಲಲ್ಲಿ ನಿಂತು, “ಅಪ್ಪಾ, ಆಟೊಮ್ಯಾಟಿಕ್. ಇದಕ್ಕ ಎಡಗಾಲು ಬ್ಯಾಡ” ಎಂದೆ. ಅವತ್ತು ಎದ್ದವರು ಮತ್ತೆ ಮಲಗಲಿಲ್ಲ. ಕೃತಕ ಕಾಲು ಕಟ್ಟಿಕೊಂಡು ರಾಯಪುರಂನಿಂದ ಮಣಲಿಯವರೆಗೆ ಅಂಗಡಿ ಅಂಗಡಿಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿ ಬಂದರು. ಬೆಳಿಗ್ಗೆ ಸ್ಟೇರಿಂಗಿಗೆ ವಿಭೂತಿ ಹಚ್ಚದೆ ಕೀಲಿ ತಿರುಗಿಸಿದವರಲ್ಲ. ಚಪ್ಪಲಿಯನ್ನು ಹೊರಗೇ ಬಿಟ್ಟು ಹತ್ತುವುದು. ಸಕ್ಕರೆ ಇದ್ದವರು ಬರಿಗಾಲಲ್ಲಿ ಇರಬಾರದು ಎಂದು ಡಾಕ್ಟರು ಎಷ್ಟು ಬಾರಿ ಹೇಳಿದರೂ, “ಕಾಯಕದ ಜಾಗಾಕ್ಕ ಚಪ್ಪಲಿ ಹಾಕ್ಕೊಂಡು ಹತ್ತತಾರೇನು?” ಎಂದು ನನ್ನನ್ನೇ ಬಯ್ಯುತ್ತಿದ್ದರು. ಮಠದಲ್ಲಿ ಕೂಡ ಇಷ್ಟು ಮಡಿ ನೋಡಿಲ್ಲ ನಾನು.

ಗೇರ್‌ಬಾಕ್ಸ್ ಬಿಚ್ಚಿ ಹೊಸದಾಗಿ ಕಟ್ಟಿಸಿದ್ದನ್ನು ಫೋನಿನಲ್ಲಿ ಹೇಳಿದ್ದೆ. ಮಣಲಿಯ ಮೆಕ್ಯಾನಿಕ್ ಸುರೇಶ್ ಒಳಗಿನ ಪ್ಲೇಟುಗಳನ್ನೆಲ್ಲ ಬದಲಿಸಿ ಕೊಟ್ಟ. ಒಂದು ತಿಂಗಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತು. ಆಮೇಲೆ ಶುರುವಾಯಿತು. ಈಗ ನಿಮ್ಮಪ್ಪ ಹೇಳಿದಂತೆಯೇ ಬರೆಯುತ್ತೇನೆ: ಬೆಳಿಗ್ಗೆ ಸರಿ ಇರುತ್ತದೆ. ಬಿಸಿಲೇರಿದ ಮೇಲೆ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜಾರುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಮತ್ತೆ ಒಮ್ಮೆಲೇ ಎಳೆಯುತ್ತದೆ. ಸುಟ್ಟ ವಾಸನೆ. ಸುರೇಶ್ ಎರಡು ಸಲ ಮತ್ತೆ ಬಿಚ್ಚಿದ. ಎರಡು ಸಲವೂ ಹೊಸ ಪ್ಲೇಟು ಕರಕಲು, ಆಯಿಲ್ ಬಜ್ಜಿ ಕರಿದ ಎಣ್ಣೆಯಂತೆ ಕಪ್ಪು. ನಿಮ್ಮಪ್ಪ ಅವನ ಶೆಡ್ಡಿನಲ್ಲೇ ಕೂಗಾಡಿದರು. ಅವನು ತಲೆ ತಗ್ಗಿಸಿಕೊಂಡು, “ಎಲ್ಲಾಮೇ ಪುದುಸು ಸಾರ್, ಎಲ್ಲಾ ಹೊಸದೇ” ಎಂದು ಅಂದದ್ದನ್ನೇ ಅಂದ. ಒಮ್ಮೆ ನಾನು ಪಕ್ಕದಲ್ಲಿ ಕುಳಿತಿದ್ದಾಗ ಕಾಲಡಿಯ ತಗಡು ಹೆಂಚಿನಂತೆ ಕಾದು ನಾನು ಕಾಲು ಮೇಲೆತ್ತಿಕೊಂಡೆ. ಬರಿಗಾಲಲ್ಲಿದ್ದ ಅವರು, “ಎಲ್ಲಿ ಬಿಸಿ? ನಂಗೇನೂ ಹತ್ತವಲ್ದು. ನಿಂದೊಂದು ನಾಜೂಕು” ಎಂದು ನಕ್ಕರು.

ಹೋದ ತಿಂಗಳು ಗುಡಿಯ ಬೀದಿಯಲ್ಲಿ ಗಾಡಿ ತಾನಾಗಿಯೇ ಮುಂದೆ ನುಗ್ಗಿ ಹೂವಿನ ತಳ್ಳುಗಾಡಿಯನ್ನು ಉರುಳಿಸಿತು. ಹೂ ಮಾರುವವಳು ಆ ಹೊತ್ತಿಗೆ ಚಿಲ್ಲರೆ ತರಲು ಎದುರಿನ ಅಂಗಡಿಗೆ ಹೋಗಿದ್ದಳು, ಶಿವ ದೊಡ್ಡವನು. ಆ ದಿನದಿಂದ ಗಾಡಿ ಸುರೇಶನ ಶೆಡ್ಡಿನಲ್ಲಿದೆ. ಯಾವುದೋ ಬಿಡಿಭಾಗ ಹೊರದೇಶದಿಂದ ಬರಬೇಕಂತೆ. ನಿಮ್ಮಪ್ಪ ಬೆಳಿಗ್ಗೆ ಸ್ನಾನ ಮಾಡಿ, ಕಾಲು ಕಟ್ಟಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಾರೆ. ಸುರೇಶನಿಗೆ ಫೋನ್ ಮಾಡುತ್ತಾರೆ. “ಇವತ್ತೂ ಇಲ್ಲಂತ” ಎಂದು ನನಗೆ ಹೇಳಿ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚುತ್ತಾರೆ. (ಇದನ್ನು ಓದುವಾಗ ಹಾರಿಸುತ್ತೇನೆ.) ಅದನ್ನು ನೋಡಲಾಗದೆ ನಾನು ಆ ಹೊತ್ತಿಗೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತೇನೆ. ಇದನ್ನು ಯಾರ ಹತ್ತಿರ ಹೇಳಲಿ ಪೂರ್ಣಿ?

ಈಗ ಅವರ ಪ್ರಶ್ನೆ ಇಷ್ಟೇ: ಈ ಗೇರ್‌ಬಾಕ್ಸ್ ಇನ್ನೊಮ್ಮೆ ಕಟ್ಟಿಸಿದರೆ ನಿಲ್ಲುತ್ತದೋ ಇಲ್ಲವೋ? ನೀನು ಹೇಳಿದ್ದೇ ಕೊನೆಯ ಮಾತು ಎಂದಿದ್ದಾರೆ. ಶಿವ ನಿನಗೂ ಅಳಿಯಂದಿರಿಗೂ ಆರೋಗ್ಯ ಕೊಡಲಿ. ತೇಜುವಿಗೆ ಅಜ್ಜನದೊಂದು, ಅಜ್ಜಿಯದೊಂದು ಮುತ್ತು.

ನಿನ್ನ ಅವ್ವ,
ಶಂಕ್ರಮ್ಮ

ತಾ.ಕ.: ನಿಮ್ಮಪ್ಪ ಲಿಂಗಪೂಜೆಗೆ ಕುಳಿತಿದ್ದಾರೆ, ಏಳುವುದರೊಳಗೆ ಅಂಟಿಸಬೇಕು. ಇಷ್ಟು ಹೊತ್ತು ಇದನ್ನು ಬರೆಯಲು ಕೈ ಬರಲಿಲ್ಲ. ಗಾಡಿ ಸರಿಯಾಗಿದೆ ಪೂರ್ಣಿ. ಯಾವ ಬಿಡಿಭಾಗವೂ ಬರಬೇಕಾಗಿಲ್ಲ. ಹೂವಿನ ಗಾಡಿ ಉರುಳುವ ಮುಂಚಿನ ದಿನ ಮುಂದಿನ ಸೀಟಿನಲ್ಲೂ ಚೀಲ ತುಂಬಿದ್ದರಿಂದ ನಾನು ಆಟೋದಲ್ಲಿ ಅವರ ಹಿಂದೆಯೇ ಬಂದೆ. ರಾಯಪುರಂವರೆಗೆ ಗಾಡಿಯ ಹಿಂದಿನ ಬ್ರೇಕ್ ದೀಪ ಒಂದು ಸಲವೂ ಆರಲಿಲ್ಲ. ದೀಪ ಕೆಟ್ಟಿದೆ ಎಂದುಕೊಂಡು, ಗಾಡಿ ಶೆಡ್ಡಿಗೆ ಹೋದ ಮೇಲೆ ಸುರೇಶನಿಗೆ ಹೇಳಿದೆ. ಅವನು ನೋಡಿ ನನ್ನನ್ನು ಆಚೆ ಕರೆದು, “ದೀಪ ನಲ್ಲಾ ಇರುಕ್ಕು ಅಮ್ಮಾ, ವಂಡಿಯೂ ನಲ್ಲಾ ಇರುಕ್ಕು. ಸಾರ್ ಕಾಲ್ ಬ್ರೇಕ್ ಮೇಲೆಯೇ ಇರುಕ್ಕು, ಅವರುಕ್ಕೇ ತೆರಿಯಲೆ” ಎಂದ. ದೀಪವೂ ಗಾಡಿಯೂ ಚೆನ್ನಾಗಿಯೇ ಇವೆಯಂತೆ, ಬಲಗಾಲಿನಲ್ಲಿ ಆಕ್ಸಿಲರೇಟರ್ ತುಳಿಯುವಾಗ ಪಾದದ ಅಂಚು ಬ್ರೇಕನ್ನೂ ಒತ್ತಿಕೊಂಡಿರುವುದು ಅವರಿಗೆ ತಿಳಿಯುತ್ತಲೇ ಇಲ್ಲ. ಒತ್ತಿಕೊಂಡೇ ಓಡಿಸಿ ಪ್ಲೇಟು ಸುಡುತ್ತಿತ್ತು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿ ಹೂವಿನ ಗಾಡಿಗೆ ನುಗ್ಗಿಸಿದ್ದೂ ಅದೇ ಕಾಲು. ಮನೆಗೆ ಬಂದು ಆ ಪಾದ ತಿರುಗಿಸಿ ನೋಡಿದೆ. ತಗಡಿನ ಬಿಸಿಗೆ ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದು ಕೀವು ತುಂಬಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಗಾಯ ಮಾಯುತ್ತಿದೆ. ಆದರೆ ಸ್ಪರ್ಶ ಮರಳಿ ಬರುವುದಿಲ್ಲ, ಇನ್ನು ಮುಂದೆ ಅವರು ಗಾಡಿ ಓಡಿಸಕೂಡದು ಎಂದು ಡಾಕ್ಟರು ನನ್ನೊಬ್ಬಳಿಗೆ ಹೇಳಿದರು. ಅವರಿಗೆ ನಾನು ಹೇಳಿಲ್ಲ. ಬಿಡಿಭಾಗದ ಸುಳ್ಳನ್ನು ಸುರೇಶ್ ನನಗೋಸ್ಕರ ಹೇಳುತ್ತಿದ್ದಾನೆ, ಪಾಪ, ದಿನಾ ಬೈಸಿಕೊಳ್ಳುತ್ತಾನೆ. ನೀನು ಅವರ ಹೆಸರಿಗೇ ಉತ್ತರ ಬರೆ. ಈ ಗೇರ್‌ಬಾಕ್ಸ್ ಯಾರಿಂದಲೂ ರಿಪೇರಿಯಾಗುವುದಿಲ್ಲ, ಮಾರಿಬಿಡಿ ಎಂದು ಬರೆ. ಗಾಡಿ ಹೋಯಿತೆಂದು ಅತ್ತರೆ ನಾನು ಸಮಾಧಾನ ಮಾಡುತ್ತೇನೆ. ಇನ್ನೊಂದು ಕಾಲೂ ಹೋಯಿತೆಂದು ಅವರು ಮತ್ತೆ ಗೋಡೆಗೆ ತಿರುಗಿ ಮಲಗಿದರೆ ಎಬ್ಬಿಸುವ ಶಕ್ತಿ ನನಗಿಲ್ಲ. ದಪ್ಪ ಅಕ್ಷರದಲ್ಲಿ ಬರೆ ಕಂದಾ. ನಿನ್ನ ಕಾಗದವನ್ನು ಅವರು ನನ್ನ ಕೈಗೆ ಕೊಡುವುದಿಲ್ಲ, ತಾವೇ ಓದಿಕೊಳ್ಳುತ್ತಾರೆ.