ಜಗಳ ಮಧ್ಯದಲ್ಲಿರಲಿ

ಗೆಳತೀ,

ವಿಳಾಸ ಗೊತ್ತಿದ್ದೂ ಇದನ್ನು ಕಳಿಸುವುದಿಲ್ಲ. ಮೊದಲೇ ಚೌಕಟ್ಟು ಹಾಕಿಕೊಟ್ಟರೆ ಮಕ್ಕಳ ಪ್ರಬಂಧ ಸತ್ತುಹೋಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಮೇಲೆ ಹರಿಹಾಯ್ದು, ಶಾಲೆಯನ್ನೇ ಬಿಟ್ಟು ಹೋದವಳು ನೀನು. ಸಾಯುವುದಿಲ್ಲ ಎನ್ನಲು ಇವತ್ತಿನ ತರಗತಿಯೇ ಸಾಕ್ಷಿ.

ವಿಷಯ ‘ಸ್ನೇಹ’. ತೋಚಿದ್ದೆಲ್ಲ ಹೇಳಿ ಎಂದೆ. ತರಗತಿ ಸಂತೆಯಾಯಿತು, ಬೋರ್ಡ್ ತುಂಬಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ‘ಜಗಳ’ವನ್ನು ಕೊನೆಗಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಮಿಸ್, ಜಗಳ ಮಧ್ಯಕ್ಕೆ ಹಾಕಿ. ಕೊನೇಲಿಟ್ರೆ ಸ್ನೇಹಾನೇ ಮುಗಿದುಹೋಯ್ತಲ್ಲ!”

“ಬಂದ್ರಪ್ಪಾ ದೊಡ್ಡ ಮೇಡಮ್ಮು,” ಪಕ್ಕದವಳು ಛೇಡಿಸಿದಳು.

ನಾನು ಅಳಿಸಿ ಮಧ್ಯಕ್ಕೆ ಬರೆದೆ.

“ಹಾಗಾದ್ರೆ ಕೊನೇಲಿ ಏನು ಮಿಸ್?”

“ನಿಮಗೆ ಗೊತ್ತಿರೋದನ್ನ ಬರೀರಿ,” ಎಂದೆ.

ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ನಾನು ಸೀಮೆಸುಣ್ಣ ಹಿಡಿದುಕೊಂಡು, ಕೊನೆಯಲ್ಲಿ ‘ಜಗಳ’ ಅಳಿಸಿದ ಖಾಲಿ ಜಾಗದ ಮುಂದೆ ನಿಂತೇ ಇದ್ದೆ.