ಪರದೆಯದೇ ದೋಷ

ಮಾರ್ಚ್ 3, ಸೋಮವಾರ

ಅಪ್‌ಡೇಟ್ ಹಾಕಿದ್ದೇ ತಪ್ಪಾಯಿತು. ಲೈಬ್ರರಿಯ ನನ್ನ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಮಸುಕು. ಲಿನಕ್ಸ್‌ನಲ್ಲಿ ಇದು ಹಳೆಯ ಕಾಯಿಲೆ, ಫಾಂಟ್ ಸೆಟ್ಟಿಂಗ್ ತಾನೇ ತಾನಾಗಿ ಬದಲಾಗಿ ಕೂರುತ್ತದೆ. ಸ್ಕೇಲಿಂಗ್ ಏರಿಸಿದೆ, ಇಳಿಸಿದೆ. ಫಾಂಟ್ ಬದಲಿಸಿದೆ. ಊಹೂಂ.

ನಡುನಡುವೆ ಓದುಗರ ಕಾಟ. ಒಬ್ಬರಿಗೆ ಪ್ರಿಂಟರ್ ಸಿಗುತ್ತಿಲ್ಲ. ಇನ್ನೊಬ್ಬರಿಗೆ ಸೌಂಡ್ ಬರುತ್ತಿಲ್ಲ — ಮ್ಯೂಟ್ ಒತ್ತಿಕೊಂಡು ಕೂತಿದ್ದಾರೆ ಪುಣ್ಯಾತ್ಮರು. ಮೂಲೆಯ ಮಷೀನಿಗೆ ಡಿಸ್ಕ್ ತುಂಬಿ ಲಾಗಿನ್ನೇ ಆಗುತ್ತಿಲ್ಲ. ಎಲ್ಲ ಸರಿಮಾಡಿದೆ, ನನ್ನದೊಂದು ಬಿಟ್ಟು. ದುಡ್ಡಿಲ್ಲದ ಲೈಬ್ರರಿಗೆ ಈ ಪುಕ್ಕಟೆ ಲಿನಕ್ಸ್ ಸಿಸ್ಟಮ್ ತಂದು ಕೂರಿಸಿದವಳು ನಾನೇ. ಅದರ ಗುರುತು ಪೆಂಗ್ವಿನ್ ಹಕ್ಕಿ. ಹಾಗಾಗಿ ಏನು ಕೆಟ್ಟರೂ ಒಂದೇ ಕೂಗು: "ಪೆಂಗ್ವಿನಮ್ಮ ಎಲ್ಲಿ?"

ನಾಳೆ ಪರದೆ ನಡೆಸುವ ಪ್ರೋಗ್ರಾಮ್, ಡಿಸ್‌ಪ್ಲೇ ಡ್ರೈವರ್, ನೋಡಬೇಕು.

ಮಾರ್ಚ್ 5, ಬುಧವಾರ

ಡ್ರೈವರ್ ತೆಗೆದು ಹಾಕಿಯಾಯಿತು. ಕೇಬಲ್ ಬದಲಿಸಿಯಾಯಿತು. ಕೊನೆಗೆ ಸಾಹೇಬರ ಮಾನಿಟರನ್ನೇ ಎತ್ತಿಕೊಂಡು ಬಂದೆ. ಅದರಲ್ಲೂ ಮಸುಕು. ಸಾಹೇಬರು ಅಂದರೆ ನಮ್ಮ ಗ್ರಂಥಪಾಲಕರು, ಮೂಗು ತೂರಿಸದೆ ಇರಲಾರರು. ಬಂದು ಬಗ್ಗಿ ನೋಡಿದರು.

"ಎಲ್ರೀ ಮಸುಕು? ಚೆನ್ನಾಗೇ ಕಾಣ್ತಿದೆಯಲ್ಲ."

"ನಿಮಗೆ ಗೊತ್ತಾಗಲ್ಲ ಸರ್. ಸೂಕ್ಷ್ಮ ಇದು."

ಹೇಳಿಬಿಟ್ಟೆ. ಆದರೆ ಅಕ್ಕ ನೆನಪಾದಳು.

ಅಕ್ಕನಿಗೆ ಕಣ್ಣು ಕಾಣದೆ ಆರು ವರ್ಷ. ಸಕ್ಕರೆ ಕಾಯಿಲೆ ತಿಂದುಹಾಕಿತು. ಅದೇ ಕಾಯಿಲೆ ನನಗೂ ಇದೆ. ಅವಳಿಗೂ ಹೀಗೇ ಶುರುವಾಗಿತ್ತೇ? ಕೇಳಲು ಬಾಯಿ ಬರುತ್ತಿಲ್ಲ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ. ಡ್ರೈವರ್‌ನದೇ ತೊಂದರೆ.

ಮಾರ್ಚ್ 6, ಗುರುವಾರ

ಇವತ್ತು ಪರದೆಯ ಮೇಲೆ ಒಂದು ಕಪ್ಪು ಎಳೆ. ಕೂದಲಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಅಪ್‌ಡೇಟಿಗಿಂತ ಹಿಂದಿನ ಹಳೇ ಸಿಸ್ಟಮ್ಮಿನಲ್ಲಿ ಮಷೀನ್ ಏಳಿಸಿದೆ. ಅಲ್ಲೂ ಇದೆ. ಎಡಕ್ಕೆ ನೋಡಿದರೆ ಎಡಕ್ಕೆ ತೇಲುತ್ತದೆ, ಬಲಕ್ಕೆ ನೋಡಿದರೆ ಬಲಕ್ಕೆ... ಮಾನಿಟರ್ ಆರಿಸಿ ಗೋಡೆ ನೋಡಿದೆ.

ಗೋಡೆಯ ಮೇಲೂ ಇದೆ.

ಗೋಡೆಗೆ ಯಾವ ಡ್ರೈವರ್ ಹಾಕಲಿ?

ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಯಾವ ಭಾಗ ಕೆಟ್ಟಿದೆ ಎಂದು ತಿಳಿಯಬೇಕಾದರೆ ಒಂದೊಂದನ್ನೇ ಬಿಚ್ಚಿಟ್ಟು ನೋಡುವುದು ನಮ್ಮ ಕೆಲಸದ ಕ್ರಮ. ಬಲಗಣ್ಣು ಮುಚ್ಚಿದೆ. ನಲ್ಲಿ, ಬಕೆಟ್, ಹೆಂಚಿನ ಬಿರುಕು, ಎಲ್ಲ ಸ್ಪಷ್ಟ. ಎಡಗಣ್ಣು ಮುಚ್ಚಿದೆ. ಹೊಗೆ.

ಒಂದಾದರೂ ಸರಿ ಇದೆಯಲ್ಲ. ಒಂದು ಸಾಕು. ಎಷ್ಟೋ ಜನ ಒಂದೇ ಕಣ್ಣಲ್ಲಿ ಬಾಳುವೆ ಮಾಡುತ್ತಾರೆ.

ಮಾರ್ಚ್ 11, ಮಂಗಳವಾರ

ಡಾಕ್ಟರ ಹತ್ತಿರ ಹೋಗಿಲ್ಲ. ಅಕ್ಕ ಕಣ್ಣಾಸ್ಪತ್ರೆಯೊಳಕ್ಕೆ ತಾನೇ ನಡೆದು ಹೋಗಿದ್ದಳು. ಹೊರಕ್ಕೆ ಬಂದಾಗ ನನ್ನ ಕೈ ಹಿಡಿದಿದ್ದಳು. ಹೋಗದಿದ್ದರೆ ಆಗುವುದೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತಿದ್ದೇನೆ. ಇಷ್ಟು ಓದಿ, ಹತ್ತು ಜನಕ್ಕೆ ಬುದ್ಧಿ ಹೇಳುವವಳು.

ನನ್ನ ಮಷೀನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದೇನೆ. ಗುಡಿಸುವ ಆಂಟಿ ನಕ್ಕಳು: "ಏನಮ್ಮಾ, ಬಸ್ಸಿನ ಬೋರ್ಡ್ ಬರೀತಾ ಇದ್ದೀರಾ?" ನಾನೂ ನಕ್ಕೆ. ರಸ್ತೆ ದಾಟುವಾಗ ಮಾತ್ರ ನಗು ಬರುವುದಿಲ್ಲ. ಬಲಗಡೆಯಿಂದ ಬೈಕುಗಳು ನೆಲದಿಂದ ಎದ್ದು ಬಂದಂತೆ ಬರುತ್ತವೆ. ಜೀವ ಕೈಯಲ್ಲಿ ಹಿಡಿದು ದಾಟುತ್ತೇನೆ.

ಸಂಜೆ ಅಡುಗೆಮನೆಯಲ್ಲಿ ಗುರಿ ತಪ್ಪಿ ಲೋಟದ ಹೊರಗೆ ಹಾಲು ಸುರಿದೆ. ಕಟ್ಟೆಯಿಂದ ಹಾಲು ತೊಟ್ಟಿಕ್ಕುವುದು ಅಕ್ಕನಿಗೆ ಕೇಳಿಸಿತು.

"ಏನೇ ಅದು?"

"ಕೈ ಜಾರ್ತು."

"ಈ ವಾರದಲ್ಲಿ ನಿನ್ನ ಕೈ ಬಹಳ ಸಲ ಜಾರ್ತಿದೆ ಕಣೇ."

ಮಾತು ಬದಲಿಸಿದೆ.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಅಕ್ಕನ ಇನ್ಸುಲಿನ್ ಸಿರಿಂಜಿಗೆ ಔಷಧ ಎಳೆಯುವವಳು ನಾನು. ಬೆಳಿಗ್ಗೆ ಅದರ ಗೆರೆಗಳು ಒಂದರೊಳಗೊಂದು ಸೇರಿಕೊಂಡವು. ಕಿಟಕಿಯ ಹತ್ತಿರ ಹೋದೆ, ಬಲಗಣ್ಣು ಮುಚ್ಚಿದೆ, ಸರಿಯಿದೆ ಅನಿಸಿತು. ಚುಚ್ಚಿದೆ.

ಚುಚ್ಚಿ ಸೂಜಿ ತೆಗೆದ ಮೇಲೆ ಅನುಮಾನ ಬಂತು. ಸರಿಯಿತ್ತೇ? ಹೆಚ್ಚಾಗಿದ್ದರೆ? ಹೆಚ್ಚಾದರೆ ಬೆವರುತ್ತಾಳೆ, ತೊದಲುತ್ತಾಳೆ, ಆಮೇಲೆ ಎಚ್ಚರ ತಪ್ಪುತ್ತದೆ. ಸಿರಿಂಜ್ ಖಾಲಿ. ಅಳೆಯಲು ಏನೂ ಉಳಿದಿಲ್ಲ. ತಿಂಡಿ ಕೊಟ್ಟು, ಸಕ್ಕರೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕ ಕೂತೆ. ನೆಪ ಮಾಡಿ ಮಾಡಿ ಹಣೆ ಮುಟ್ಟಿದೆ.

"ಏನೇ ಹೀಗೆ ಅಂಟ್ಕೊಂಡು ಕೂತಿದ್ದೀಯಾ? ಕೆಲಸಕ್ಕೆ ಹೋಗಲ್ವಾ?"

"ಸಿಸ್ಟಮ್ ಡೌನ್ ಆಗಿದೆ. ರಜಾ."

"ನೀನು ಹೋಗದೆ ಅದು ಹ್ಯಾಗೇ ಏಳುತ್ತೆ?"

ಅವಳಿಗೆ ಏನೂ ಆಗಲಿಲ್ಲ. ಊಟ ಮಾಡಿ ಮಲಗಿದ್ದಾಳೆ. ನನ್ನ ಕಣ್ಣು ನನ್ನೊಬ್ಬಳದು ಎಂದುಕೊಂಡಿದ್ದೆ. ಇನ್ನು ನಾನು ಆ ಸೂಜಿ ಮುಟ್ಟುವುದಿಲ್ಲ. ಮೇಲಿನ ಮನೆಯ ನರ್ಸನ್ನು ಕೇಳಿಕೊಂಡೆ, ಒಪ್ಪಿದಳು. ಅಕ್ಕನಿಗೆ ನನ್ನ ಮಣಿಕಟ್ಟು ನೋವು ಎಂದು ಹೇಳಿದ್ದೇನೆ. ಕಣ್ಣಾಸ್ಪತ್ರೆಗೆ ಫೋನ್ ಮಾಡಿದೆ. ಮುಂದಿನ ವಾರ ಬನ್ನಿ ಎಂದರು.

ಮಾರ್ಚ್ 20, ಗುರುವಾರ

ಹೋಗಿ ಬಂದೆ.

ಬಲಗಣ್ಣಿನ ಒಳಗೆ ರಕ್ತ ಸೋರಿದೆ. ಈ ವಾರದಲ್ಲಿ ಇನ್ನೂ ಕಪ್ಪಾಗಿದೆ, ಬೆಳಕು ಹಾಕಿದರೂ ಆ ಕಣ್ಣಿಗೆ ಗೊತ್ತಾಗುತ್ತಿಲ್ಲ. ಎಡಗಣ್ಣಿನಲ್ಲೂ ರಕ್ತನಾಳಗಳು ತೆಳ್ಳಗಾಗಿವೆಯಂತೆ, ಯಾವಾಗ ಬೇಕಾದರೂ ಒಡೆಯಬಹುದು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕಟುವಾಗಿಯೇ ಕೇಳಿದಳು.

"ಮಸುಕಾಗೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಎರಡು ವಾರದ ಮೇಲಾಯ್ತು."

"ಇಷ್ಟು ದಿನ ಏನ್ ಮಾಡ್ತಿದ್ರಿ?"

"ಫಾಂಟ್ ಸರಿ ಮಾಡ್ತಿದ್ದೆ ಡಾಕ್ಟ್ರೇ."

ಅವಳಿಗೆ ಅರ್ಥವಾಗಲಿಲ್ಲ. ಮಂಗಳವಾರ ಎಡಗಣ್ಣಿಗೆ ಲೇಸರ್. ಅಲ್ಲಿಯ ತನಕ ಬಗ್ಗಬಾರದು, ಭಾರ ಎತ್ತಬಾರದು, ಕಪ್ಪು ಕವಿದ ಹಾಗಾದರೆ ಆ ಗಳಿಗೆಯಲ್ಲೇ ಓಡಿ ಬರಬೇಕು. ಇನ್ನೂ ಏನೇನೋ ಹೇಳಿದಳು. ಒಂದೂ ಕಿವಿಗೆ ಹೋಗಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಈಗ ಎಲ್ಲವನ್ನೂ ಹಾಗೇ ನೋಡುತ್ತೇನೆ. ಬಾಗಿಲ ಹಿಡಿ, ಹೂಜಿ, ನನ್ನ ಉಗುರು. ಭಯವಾಗುತ್ತದೆ. ಬಹಳ ಭಯವಾಗುತ್ತದೆ.

ಮಾರ್ಚ್ 23, ಭಾನುವಾರ

ಅಕ್ಕ ತಲೆ ಬಾಚಿಸಿಕೊಳ್ಳುತ್ತಾ ನೇರವಾಗಿ ಕೇಳಿದಳು: "ನನ್ನ ಹತ್ರ ಏನೇ ಮುಚ್ಚಿಡ್ತಿದ್ದೀಯಾ?"

ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಕೆಲಸದ ತಲೆನೋವು, ಸರ್ವರ್ ಕೈಕೊಡುತ್ತಿದೆ ಎಂದೆ.

"ಆ ಹಕ್ಕಿ ಸಿಸ್ಟಮ್ಮು ನಿನ್ನ ಜೀವ ತಿನ್ನುತ್ತೆ" ಎಂದು ಬೈದಳು.

ಅವಳಿಗೆ ನಾನೇ ಕಣ್ಣು. ಈ ಆರು ವರ್ಷ ಅವಳ ಮಾತ್ರೆ, ಪೇಪರು, ಸೀರೆಯ ಬಣ್ಣ ಎಲ್ಲ ನಾನೇ. ನಿನ್ನ ಕಣ್ಣು ಎರಡನೆಯ ಸಲ ಹೋಗುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಲೇಸರ್ ಆಗಿಬಿಡಲಿ. ಸರಿಹೋದ ಮೇಲೆ ಹೇಳುತ್ತೇನೆ, ಆಗ ಎಷ್ಟಾದರೂ ಬೈಯಲಿ.

ಮಾರ್ಚ್ 24, ಸೋಮವಾರ, ಸಂಜೆ

ನಾಳೆ ಬೆಳಿಗ್ಗೆ ಆಸ್ಪತ್ರೆ. ಚೀಲ ಸಿದ್ಧ. ನನಗೆ ಹುಷಾರಿಲ್ಲ ಎಂದಷ್ಟೇ ಸಾಹೇಬರಿಗೆ ಹೇಳಿದ್ದೇನೆ. ಹೊರಗೆ ಆಗಲೇ ಕತ್ತಲಾಗಿದೆ, ಲೈಟ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಬ್ಯಾಟರಿ ಕಡಿಮೆ ಎಂದಿತು. ಮರೆತು ಬಗ್ಗಿ ಚಾರ್ಜರ್ ಸಿಕ್ಕಿಸಿಬಿಟ್ಟೆ. ಏನೂ ಆಗಲಿಲ್ಲ ಸದ್ಯ. ನಾಳೆ ಈ ಹೊತ್ತಿಗೆ ಎಲ್ಲ

ಪರದೆ ಹೋಯಿತು.

ಪರದೆ ಮಾತ್ರ. ಮಷೀನ್ ನಡೆಯುತ್ತಿದೆ, ಫ್ಯಾನ್ ಸದ್ದು ಇದೆ. ಚಾರ್ಜರ್ ಹಾಕಿದಾಗ ಪರದೆ ಕಪ್ಪಾಗುವುದು ಲಿನಕ್ಸ್ ಲ್ಯಾಪ್‌ಟಾಪಿನ ಮಾಮೂಲಿ ರಗಳೆ. ಬ್ರೈಟ್‌ನೆಸ್ ಸೊನ್ನೆಗೆ ಇಳಿದಿರಬೇಕು. ಬ್ರೈಟ್‌ನೆಸ್ ಕೀ ಒತ್ತುತ್ತಿದ್ದೇನೆ. ಒತ್ತುತ್ತಿದ್ದೇನೆ. ಬೇರೆ ಕೀ ಒತ್ತಿದೆನೇನೋ.

ಕೋಣೆಯೂ ಕತ್ತಲು. ಹಾಗಾದರೆ ಕರೆಂಟ್ ಹೋಗಿದೆ. ಕರೆಂಟೂ ಹೋಗಿದೆ, ಪರದೆಯೂ ಹೋಗಿದೆ.

ಎರಡು ಒಟ್ಟಿಗೆ ಕೆಟ್ಟರೆ ಎರಡು ಕಾರಣ ಹುಡುಕಬೇಡಿ, ಒಂದೇ ಇರುತ್ತದೆ. ಹೊಸಬರಿಗೆ ನಾನೇ ಹೇಳಿಕೊಡುವುದು. ಇವತ್ತು ಬೇಡ. ಇವತ್ತು ಎರಡೇ ಇರಲಿ.

ಬೆರಳು ನಿಲ್ಲಿಸಿದರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕ ಹಜಾರದಲ್ಲಿದ್ದಾಳೆ. ಕೂಗಿ ಕೇಳಿದೆ.

"ಅಕ್ಕಾ, ಕರೆಂಟ್ ಹೋಯ್ತಲ್ವಾ?"

"ಇಲ್ವಲ್ಲೇ. ಫ್ರಿಜ್ ಗುಂಯ್ ಅಂತಿದೆ, ಕೇಳು."

ಕೇಳಿಸುತ್ತಿದೆ.

ಅಕ್ಕನ ಕುರ್ಚಿ ಸರಿದ ಸದ್ದು.

"ನೀನು ಅಲ್ಲಾಡಬೇಡ. ಅಲ್ಲೇ ಕೂತಿರು. ನಾನೇ ಬರ್ತೀನಿ, ನಂಗೆ ದಾರಿ ಗೊತ್ತು."

ಗೋಡೆಯ ಮೇಲೆ ಅವಳ ಅಂಗೈ ಸವರುವ ಸದ್ದು. ಬಾಗಿಲು ದಾಟಿದಳು. ಈಗ ನನ್ನ ಕೈ