ಕಲ್ಲಿಗೆ ಕಟ್ಟಿದ ಗಿಡ

ತಿಕೋಟಾ
ಗುರುವಾರ, ೧೬ ಜನವರಿ ೨೦೨೫

ಚಿರಂಜೀವಿ ನೇತ್ರಾಳಿಗೆ,

ನೀರೊಳಗೆ ಗಿಡ ಬೆಳೆಸುವುದರಲ್ಲಿ ಇಡೀ ಏಷ್ಯಾ ಖಂಡಕ್ಕೇ ಒಬ್ಬನಾದ ನಿನ್ನ ಸಂಗು ಮಾಮಾನ ಆಶೀರ್ವಾದ. ಈ ವಿದ್ಯೆ ಕಲಿಯಲು ಜಪಾನಿನವರು ನನ್ನ ಹೊಲದ ದಾರಿ ಕೇಳುತ್ತಿದ್ದಾರೆ. ಅವರಿಗೆ ಕನ್ನಡ ಬಾರದ್ದರಿಂದ ಇನ್ನೂ ಬಂದು ಮುಟ್ಟಿಲ್ಲ, ಅಷ್ಟೆ.

ಭಾನುವಾರ ನಿಮ್ಮಪ್ಪ ಬಸಲಿಂಗಯ್ಯನವರು ಜೋರಾಪುರ ಪೇಟೆಯ ಅರಿವೆ ಅಂಗಡಿ ಮುಚ್ಚಿಕೊಂಡು ಇಲ್ಲಿಗೆ ಬಂದಿದ್ದರು. ಚಹಾ ಆರುವ ಮೊದಲೇ ವಿಷಯ ತೆಗೆದರು. ಸೋಮವಾರ ನೀನು ಸೊಸೈಟಿಯ ಗುಮಾಸ್ತೆ ಕೆಲಸಕ್ಕೆ ಹಾಜರಾಗಬೇಕಂತೆ. ನೀನು ಒಲ್ಲೆ, ಮಾಮಾನ ಜೊತೆ ಅಕ್ವೇರಿಯಂ ಗಿಡ ಬೆಳೆಸುತ್ತೇನೆ ಅಂತ ಹಟ ಹಿಡಿದಿದ್ದೀಯಂತೆ. ಅದಕ್ಕೆ ನಾನು ಕಳೆದುಕೊಂಡದ್ದನ್ನೆಲ್ಲ ಕಾಗದದ ಮೇಲೆ ಬರೆದು ನಿನ್ನನ್ನು ಹೆದರಿಸಬೇಕಂತೆ.

“ಸಂಗಯ್ಯ, ನಿನ್ನ ಮಾತಂದ್ರ ಆಕಿ ಕೇಳ್ತಾಳ. ನಾ ಮುಳುಗೇನಿ, ನೀ ಬರಬ್ಯಾಡ ಅಂತ ಒಂದ ಸಾಲು ಬರಿ, ಸಾಕು” ಅಂದರು.

ಬರೆಯುವುದಿಲ್ಲ. ನಾನು ಏಳನೆಯ ಇಯತ್ತೆ ಓದಿದವನು. ಸುಳ್ಳು ಬರೆಯುವುದೇ ಇದ್ದರೆ ನನಗೆ ಬೇಕಾದ ಸುಳ್ಳು ಬರೆಯುತ್ತೇನೆ, ಇನ್ನೊಬ್ಬರು ಹೇಳಿಕೊಟ್ಟದ್ದನ್ನಲ್ಲ.

ಕೆಟ್ಟದ್ದು ಹೌದು. ಹೇಗೆ ಕೆಟ್ಟೆ ಅನ್ನುವುದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಪುಣೆಯಿಂದ ತರಿಸಿದ ಅನುಬಿಯಾಸ್ ಎಂಬ ಅಕ್ವೇರಿಯಂ ಗಿಡಕ್ಕೆ ಬುಡದಲ್ಲಿ ಶುಂಠಿಯ ಹಾಗೆ ಅಡ್ಡ ಮಲಗಿದ ಗಡ್ಡೆ ಇರುತ್ತದೆ. ನಾನೋ ಇಪ್ಪತ್ತು ವರ್ಷ ಕಬ್ಬು ಹಚ್ಚಿದವನು. ಮೊಳಕೆ ಒಡೆಯುವ ಕಣ್ಣು ನೋಡಿ ತುಂಡು ಮಾಡಿದೆ, ತೊಟ್ಟಿಯ ತಳದಲ್ಲಿ ಸಾಲು ಬಿಟ್ಟೆ, ತುಂಡು ಮಲಗಿಸಿ ನಾಲ್ಕು ಬೆರಳು ಮಣ್ಣು ಮುಚ್ಚಿದೆ. ಮೇಲೊಂದು ಬೊಗಸೆ ತಿಪ್ಪೆಗೊಬ್ಬರ. ಕಬ್ಬಾಗಿದ್ದರೆ ನಾಡೇ ನೋಡುವಂಥ ಬೆಳೆ ಬರುತ್ತಿತ್ತು. ಇದು ಹದಿನೈದು ದಿನಕ್ಕೆ ಕೊಳೆತು ಲೋಳೆಯಾಯಿತು.

ಅದೇ ಪದ್ಧತಿಯಲ್ಲಿ ಬಬಲೇಶ್ವರದ ದಶರಥನ ಖಾನಾವಳಿಗೂ ಒಂದು ಗಾಜಿನ ತೊಟ್ಟಿ ಕೂಡಿಸಿಕೊಟ್ಟಿದ್ದೆ. ಮೀನು ಸತ್ತು ತೇಲಿದವು. ವಾಸನೆಗೆ ಜನ ಅರ್ಧ ರೊಟ್ಟಿ ಬಿಟ್ಟು ಎದ್ದರಂತೆ. ದಶರಥ ಬೈಯಲಿಲ್ಲ. “ಸಂಗಣ್ಣಾ, ನಿನ್ನ ಕಬ್ಬು ಕಟಾವಿಗೆ ಬಂದೈತಿ, ಕಡಕೊಂಡು ಹೋಗು” ಅಂದ, ಅಷ್ಟೆ. ಆ ಮಾತು ನನಗಿಂತ ಮೊದಲೇ ತಿಕೋಟಾ ಮುಟ್ಟಿತ್ತು.

ಕೊಳೆತದ್ದನ್ನೆಲ್ಲ ತಿಪ್ಪೆಗೆ ಸುರಿದೆ. ಮುಂದಿನದನ್ನು ಊರಲ್ಲಿ ನನ್ನ ಸ್ವಂತ ಶೋಧ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ನೀನು ಬಂದರೆ ಹೇಗೂ ಗೊತ್ತಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಿನ್ನ ಅತ್ತಿ ಶಂಕ್ರೆವ್ವ ತಿಪ್ಪೆಯಲ್ಲಿ ಕೈಯಾಡಿಸಿ, ಇನ್ನೂ ಗಟ್ಟಿ ಉಳಿದಿದ್ದ ಹನ್ನೊಂದು ತುಂಡು ಆರಿಸಿದಳು. ಒಡೆದ ಬೀಸುಕಲ್ಲಿನ ಚೂರುಗಳಿಗೆ ನೂಲಿನಿಂದ ಬಿಗಿದು, ಬೇವಿನ ನೆರಳಲ್ಲಿದ್ದ ಎಮ್ಮೆ ನೀರಿನ ತೊಟ್ಟಿಯಲ್ಲಿ ಬಿಟ್ಟಳು. ಹುಚ್ಚು ಹಿಡಿಯಿತೇನು ಅಂತ ಕೇಳಿದೆ. ತಲೆ ಎತ್ತದೆಯೇ ಹೇಳಿದಳು:

“ಜೀವ ಇದ್ದದ್ದನ್ನ ಯಾರರ ಹೂಳ್ತಾರೇನ್ರಿ?”

ಎರಡು ತುಂಡನ್ನು ಎಮ್ಮೆ ತಿಂದಿತು. ಉಳಿದ ಒಂಬತ್ತು ಕಲ್ಲಿಗೆ ಬೇರು ಕಚ್ಚಿ, ತಿಂಗಳೊಳಗೆ ಒಂದೊಂದು ಎಲೆ ಬಿಟ್ಟವು. ಅವನ್ನೇ ಎರಡು ವರ್ಷ ತುಂಡು ಮಾಡಿ ಕಟ್ಟುತ್ತ ಬಂದು, ಇವತ್ತು ಎಣಿಸಿದರೆ ನೂರಾ ನಲವತ್ತು ಗಿಡ. ಈಗ ನಮ್ಮ ಪದ್ಧತಿ ಕೇಳಿಕೋ. ಹೊಸ ಬ್ಲೇಡಿನಿಂದ, ತುಂಡಿಗೆ ಮೂರು ಎಲೆ ಉಳಿಯುವಂತೆ ಕತ್ತರಿಸುವುದು. ಕಲ್ಲಿಗೆ ಕಟ್ಟುವ ನೂಲು ಬಿಗಿಯಾಗಿರಬೇಕು, ಆದರೆ ಗಡ್ಡೆಯೊಳಗೆ ಕೊರೆದು ಇಳಿಯಬಾರದು. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ಬದಲಿಸುವುದು. ಬಿಸಿಲು ಹೆಚ್ಚಾದರೆ ಎಲೆಯ ಮೇಲೆ ಪಾಚಿ ಕೂರುತ್ತದೆ, ಅದನ್ನು ಬೆರಳಿನಿಂದಲೇ ಮೆಲ್ಲಗೆ ಒರೆಸುವುದು. ನಮ್ಮ ಬೋರಿನ ಸವಳು ನೀರನ್ನು ಈ ಗಿಡ ನಮ್ಮಂತೆಯೇ ಸಹಿಸಿಕೊಂಡಿದೆ. ವಿಜಯಪುರದಲ್ಲಿ ಮೀನಿನ ಅಂಗಡಿ ಇಟ್ಟಿರುವ ಆರಿಫ ವಾರಕ್ಕೆ ಹತ್ತು ಗಿಡ ಒಯ್ಯುತ್ತಾನೆ. ನೂರು ಅಂತ ಊರಲ್ಲಿ ಹೇಳಿದ್ದೇನೆ. ನೀನು ಹತ್ತು ಅಂತಲೇ ತಿಳಿದುಕೋ.

ನಿಮ್ಮಪ್ಪನವರಿಗೆ ಸಿಟ್ಟು ಬರಲಿ. ಅವರ ತಂಗಿಯನ್ನೇನೂ ನಾನು ಕಟ್ಟಿಕೊಂಡಿಲ್ಲ, ನನ್ನ ಅಕ್ಕನನ್ನು ಅವರು ಕಟ್ಟಿಕೊಂಡಿದ್ದಾರೆ, ಹೆದರಬೇಕಾದವರು ಅವರು. ಸೊಸೈಟಿಯ ಕುರ್ಚಿ ಕೆಟ್ಟದ್ದೆಂದು ನಾನು ಅನ್ನುವುದಿಲ್ಲ. ಆದರೆ ನಿನ್ನನ್ನು ಅದರಲ್ಲಿ ಕೂಡಿಸಲು ನನ್ನ ಸೋಲನ್ನು ಹಗ್ಗ ಮಾಡಿ ಕೊಡುವುದಿಲ್ಲ. ಬರುವುದಾದರೆ ಸೋಮವಾರ ಮುಂಜಾನೆ ಎಂಟರ ಬಸ್ಸಿಗೆ ಬಾ. ಅರ್ಧ ಪಾಲು ನಿನ್ನದು. ಉಳಿದರ್ಧ ನನ್ನದು ಅಂದುಕೊಂಡಿದ್ದೆ, ಶಂಕ್ರೆವ್ವ ಅದು ತನ್ನದು ಅನ್ನುತ್ತಾಳೆ.

ಇಂತಿ, ಯಾರ ಮಾತೂ ಕೇಳದ ನಿನ್ನ ಮಾಮಾ,
ಸಂಗಯ್ಯ

ತಾ.ಕ.: ನಿಮ್ಮಪ್ಪನವರು ಎಷ್ಟು ಕೇಳಿದರೂ ಹೇಳದ ಮಾತು ಇದು. ಪಾಲಿಗೆ ಬರುವವಳಿಂದ ಮುಚ್ಚಿಡುವುದು ಸರಿಯಲ್ಲ. ನನ್ನ ಮೋಟರ್‌ಸೈಕಲ್ಲು ಎಲ್ಲರಿಗೂ ಹೇಳಿದಂತೆ ರಿಪೇರಿಯಲ್ಲಿಲ್ಲ, ಮಾರಿದ್ದೇನೆ. ಶಂಕ್ರೆವ್ವಗೂ ಇನ್ನೂ ಗೊತ್ತಿಲ್ಲ. ಅದೂ ಸೇರಿ ಹೋದದ್ದು ಒಂದು ಲಕ್ಷದ ಎಂಬತ್ತಾರು ಸಾವಿರದ ನಾನೂರು ರೂಪಾಯಿ. ಇನ್ನೊಮ್ಮೆ ಓದು. ಆಮೇಲೂ ಬರಬೇಕೆನಿಸಿದರೆ ಬಾ.